ಅಗ್ಗದ ಚಹವನ್ನು ಅವರೇಕೆ ಒಲ್ಲೆನೆಂದರು?
ಸ್ವಾತಂತ್ರ್ಯಪೂರ್ವದ ಅಮೆರಿಕೆಯ ವ್ಯಾಪಾರಬಂಧನ

ಅಮೆರಿಕೆಯ ಸ್ವಾತಂತ್ರ್ಯಸಮರವೆಂದೊಡನೆ ಬಾಸ್ಟನ್ ಬಂದರದಲ್ಲಿ ಸಮುದ್ರದ ಪಾಲಾದ ಚಹದ ಪೆಟ್ಟಿಗೆಗಳು ಬಹುಜನರ ಕಣ್ಣಮುಂದೆ ನಿಲ್ಲುತ್ತವೆ. ಆದರೆ 1773ನೆಯ ಡಿಸೆಂಬರಿನ ಆ ರಾತ್ರಿಯ ಘಟನೆಯು, ನೂರಿಪ್ಪತ್ತು ವರ್ಷಗಳಿಗೂ ಮಿಕ್ಕು ಹೆಣೆಯುತ್ತ ಬಂದಿದ್ದ ಬಲೆಯೊಂದರ ಕೊನೆಯ ಗಂಟು ಮಾತ್ರ. ಅದರ ಎಳೆಗಳನ್ನು ಬಿಡಿಸಿ ನೋಡಿದಲ್ಲದೆ ಆ ಜನರ ಕ್ರೋಧದ ಮೂಲವು ತಿಳಿಯಲಾರದು.

ವಸಾಹತುಗಳು ಇರತಕ್ಕುದು ಮಾತೃದೇಶದ ಲಾಭಕ್ಕಾಗಿ ಎಂಬುದೇ ಅಂದಿನ ಇಂಗ್ಲಂಡಿನ ಅರ್ಥನೀತಿಯ ತಿರುಳು. ಈ ನೀತಿಯು 1651ರ ನೌಕಾಯಾನದ ಕಾಯಿದೆಯೊಡನೆ ಶಾಸನದ ರೂಪವನ್ನು ತಾಳಿತು. 1660ರ ಕಾಯಿದೆಯ ಮೇರೆಗೆ ಹೊಗೆಸೊಪ್ಪು, ಸಕ್ಕರೆ, ಹತ್ತಿ, ನೀಲಿ ಮೊದಲಾದ ಸರಕುಗಳು ಇಂಗ್ಲಂಡಿಗೆ ಇಲ್ಲವೆ ಆಂಗ್ಲ ವಸಾಹತುಗಳಿಗೆ ಹೊರತು ಬೇರೆಲ್ಲಿಗೂ ಹೋಗಕೂಡದಾಯಿತು. 1663ರಲ್ಲಿ ಯೂರೋಪಿನ ಮಾಲು, ಕೆಲವನ್ನು ಬಿಟ್ಟರೆ, ಮೊದಲು ಇಂಗ್ಲಂಡಿನ ಬಂದರವನ್ನು ಮುಟ್ಟಿಯೇ ಅಮೆರಿಕೆಗೆ ಹೋಗಬೇಕೆಂದು ವಿಧಿಸಲಾಯಿತು. ಹೀಗೆ ಮಾರುವುದಕ್ಕೂ ಕೊಳ್ಳುವುದಕ್ಕೂ ಒಂದೇ ಬಾಗಿಲು. ಅದರ ಬೀಗದ ಕೈ ಲಂಡನ್ನಿನಲ್ಲಿ.

ವ್ಯಾಪಾರವಾದ ಮೇಲೆ ಕೈಗಾರಿಕೆಯ ಸರದಿ. 1699ರ ಕಾಯಿದೆಯು ವಸಾಹತುಗಳಲ್ಲಿ ನೆಯ್ದ ಉಣ್ಣೆಯ ಬಟ್ಟೆಯನ್ನು ಒಂದು ವಸಾಹತಿನಿಂದ ನೆರೆಯ ವಸಾಹತಿಗೆ ಸಹ ಮಾರಾಟಕ್ಕೆ ಸಾಗಿಸಕೂಡದೆಂದಿತು. 1732ರಲ್ಲಿ ಟೋಪಿಗಳಿಗೂ ಇದೇ ಗತಿಯಾಯಿತು. 1750ರ ಕಬ್ಬಿಣದ ಕಾಯಿದೆಯಂತೂ ಈ ನೀತಿಗೆ ಕನ್ನಡಿ ಹಿಡಿಯುತ್ತದೆ: ಅಮೆರಿಕೆಯ ಕಚ್ಚಾ ಕಬ್ಬಿಣಕ್ಕೆ ಸುಂಕದ ವಿನಾಯಿತಿ, ಆದರೆ ಅದನ್ನು ತಗಡಾಗಿ ಬಡಿಯುವ, ಸರಳಾಗಿ ಸೀಳುವ ಹೊಸ ಕಾರಖಾನೆಯನ್ನಾಗಲಿ ಉಕ್ಕಿನ ಕುಲುಮೆಯನ್ನಾಗಲಿ ಹೂಡಿದವರಿಗೆ 200 ಪೌಂಡು ದಂಡ. ಅಗೆಯುವ ಶ್ರಮವು ಅವರದು, ರೂಪಿಸುವ ಲಾಭವು ಇವರದು.

ವರ್ಜೀನಿಯದ ಹೊಗೆಸೊಪ್ಪಿನ ಜಮೀನುದಾರರು ಲಂಡನ್ನಿನ ವರ್ತಕರಿಗೆ ಬೆಳೆಯನ್ನು ಕಳುಹಿಸಿ, ಅವರು ಕಟ್ಟಿದ ಬೆಲೆಗೆ ತಲೆದೂಗಿ, ಅವರಿಂದಲೇ ಬಟ್ಟೆಬರೆಗಳನ್ನು ಉದ್ರಿಯಾಗಿ ತರಿಸಿ ಸಾಲದಲ್ಲಿ ಮುಳುಗಿದರು. ಜಾರ್ಜ್ ವಾಷಿಂಗ್ಟನ್ನರಿಗೂ ಈ ಕಷ್ಟವು ತಪ್ಪಲಿಲ್ಲ. 1760ರ ದಶಕದ ನಡುವೆ ಅವರು ತಮ್ಮ ಮೌಂಟ್ ವರ್ನನ್ನಿನಲ್ಲಿ ಹೊಗೆಸೊಪ್ಪನ್ನು ಬಿಟ್ಟು ಗೋಧಿಯ ಬೆಳೆಗೆ ತಿರುಗಿದರು.

ಆದರೂ ನ್ಯಾಯವಾಗಿ ಹೇಳಬೇಕಾದ ಮಾತೊಂದುಂಟು. ಆ ಜನರು ಹಸಿವಿನಿಂದ ಬಂಡೆದ್ದವರಲ್ಲ. 1700ರಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ಜನಸಂಖ್ಯೆಯು 1775ರ ಹೊತ್ತಿಗೆ ಸುಮಾರು 25 ಲಕ್ಷಕ್ಕೆ ಏರಿತ್ತು. ನೌಕಾಯಾನದ ಕಾಯಿದೆಗಳ ಆಸರೆಯಲ್ಲಿಯೇ ಹೊಸ ಇಂಗ್ಲಂಡಿನ ಹಡಗು ಕಟ್ಟುವ ಉದ್ಯಮವು ಹುಲುಸಾಗಿ ಬೆಳೆದಿತ್ತು. 1733ರಲ್ಲಿ ಪರಕೀಯ ದ್ವೀಪಗಳ ಕಾಕಂಬಿಗೆ ಗ್ಯಾಲನ್ನಿಗೆ ಆರು ಪೆನ್ಸಿನ ಸುಂಕ ಬಿದ್ದರೂ, ಅಧಿಕಾರಿಗಳ ಕೈ ಬೆಚ್ಚಗೆ ಮಾಡಿ ವರ್ತಕರು ಅದನ್ನು ತಪ್ಪಿಸಿಕೊಳ್ಳುತ್ತಿದ್ದರು. ಕಾಯಿದೆಯು ಕಾಗದದ ಮೇಲಿರುವ ತನಕ ಬಲೆಯು ಬಿಗಿಯಲಿಲ್ಲ.

1763ರಲ್ಲಿ ಏಳು ವರ್ಷಗಳ ಯುದ್ಧವು ಮುಗಿದಾಗ ಇಂಗ್ಲಂಡಿನ ತಲೆಯ ಮೇಲೆ ಸುಮಾರು 13 ಕೋಟಿ ಪೌಂಡು ಸಾಲವಿದ್ದಿತು. ಬಲೆಯನ್ನು ಬಿಗಿದೆಳೆದುದು ಆಗಲೇ. 1764ರಲ್ಲಿ ಕಾಕಂಬಿಯ ಸುಂಕವನ್ನು ಮೂರು ಪೆನ್ಸಿಗೆ ಇಳಿಸಿದರೂ ಅದನ್ನು ಕಟ್ಟುನಿಟ್ಟಾಗಿ ವಸೂಲು ಮಾಡತೊಡಗಿದರು. ಅದೇ ವರ್ಷ ವಸಾಹತುಗಳ ಕಾಗದದ ನಾಣ್ಯಕ್ಕೆ ನಿರ್ಬಂಧ ಬಿದ್ದಿತು. 1765ರಲ್ಲಿ ಸ್ಟಾಂಪು ಕಾಯಿದೆ ಬಂದಿತು. ವಸಾಹತುಗಳ ಒಬ್ಬ ಪ್ರತಿನಿಧಿಯೂ ಇಲ್ಲದ ಪಾರ್ಲಿಮೆಂಟು ಇದೆಲ್ಲವನ್ನೂ ವಿಧಿಸಿತು.

ಜನರು ಮೊದಲು ಎತ್ತಿದುದು ಕೋವಿಯನ್ನಲ್ಲ, ಬಹಿಷ್ಕಾರವನ್ನು. ಆಂಗ್ಲ ಮಾಲನ್ನು ಕೊಳ್ಳೆವೆಂದು ವರ್ತಕರು ಕರಾರು ಮಾಡಿಕೊಂಡರು. ಸ್ತ್ರೀಯರು ಕೂಡಿ ಕುಳಿತು ನೂಲು ತೆಗೆದರು. 1768ರಲ್ಲಿ ಹಾರ್ವರ್ಡ್ ವಿದ್ಯಾಲಯದ ಪದವೀಧರರು ದೇಶೀ ನೂಲಿನ ಉಡುಪನ್ನೇ ತೊಡಲು ನಿಶ್ಚಯಿಸಿದರು. ರಾಟೆಯ ಹಿಂದಿನ ಅರ್ಥವನ್ನು ಕಂಡುಂಡ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ನಷ್ಟಕ್ಕೀಡಾದ ಇಂಗ್ಲಂಡಿನ ವರ್ತಕರೇ ಮೊರೆಯಿಟ್ಟು 1766ರಲ್ಲಿ ಸ್ಟಾಂಪು ಕಾಯಿದೆಯು ರದ್ದಾಗಲು ನೆರವಾದರು.

ಕಡೆಗೆ ಚಹದ ಸಂಗತಿ. 1770ರ ಬಂಗಾಲದ ಕ್ಷಾಮದಲ್ಲಿ ಲಕ್ಷಾಂತರ ಜನರು ಸತ್ತರು. ಆ ನಾಡನ್ನು ಹಿಂಡಿದ ಈಸ್ಟ್ ಇಂಡಿಯಾ ಕಂಪನಿಯು ದಿವಾಳಿಯ ಅಂಚಿಗೆ ಬಂದಿತು. ಅದನ್ನು ಉಳಿಸಲೆಂದು 1773ರಲ್ಲಿ ಪಾರ್ಲಿಮೆಂಟು 14 ಲಕ್ಷ ಪೌಂಡು ಸಾಲ ಕೊಟ್ಟಿತಲ್ಲದೆ, ಅದು ಚೀನದಿಂದ ತರಿಸಿದ ಚಹವನ್ನು ಅಮೆರಿಕೆಯಲ್ಲಿ ನೇರವಾಗಿ ಮಾರಲು ಅನುಮತಿಯಿತ್ತಿತು. ಇದರಿಂದ ಚಹದ ಬೆಲೆಯು ಇಳಿಯುವಂತಿತ್ತು. ಮೂರು ಪೆನ್ಸಿನ ಸುಂಕ ಮಾತ್ರ ಉಳಿಯಿತು. ಬಾಸ್ಟನ್ನಿನ ಜನರು 342 ಪೆಟ್ಟಿಗೆಗಳನ್ನು ನೀರಿಗೆ ಚೆಲ್ಲಿದರು. ಅಗ್ಗದ ಚಹವನ್ನೇ ಅವರು ಒಲ್ಲದೆ ಹೋದುದರಿಂದ ಅವರ ವಿವಾದದ ಮರ್ಮವು ಸ್ಪಷ್ಟವಾಗುತ್ತದೆ: ಸುಂಕವೆಷ್ಟೆಂಬುದಲ್ಲ, ಅದನ್ನು ವಿಧಿಸುವ ಹಕ್ಕು ಯಾರದೆಂಬುದೇ ಪ್ರಶ್ನೆ.

ಆದರೆ ಈ ವೀರಗಾಥೆಯ ಮೇಲೆ ಕಳಂಕವೊಂದುಂಟು. ಆ ಜನಸಂಖ್ಯೆಯ ಐದರಲ್ಲೊಂದು ಪಾಲು ಕರಿಯರು; ಅವರಲ್ಲಿ ಬಹುತೇಕರು ಗುಲಾಮರು. ಹೊಗೆಸೊಪ್ಪು, ಅಕ್ಕಿ, ನೀಲಿಗಳು ಅವರ ಬೆವರಿನ ಫಲ. ತಮ್ಮ ದುಡಿಮೆಯ ಬೆಲೆಯನ್ನು ಪರರು ಕಟ್ಟಬಾರದೆಂದು ಗುಡುಗಿದವರು ಇವರ ದುಡಿಮೆಗೆ ಬೆಲೆಯನ್ನೇ ಕಟ್ಟಲಿಲ್ಲ. 1776ರ ಘೋಷಣೆಯ ಸ್ವಾತಂತ್ರ್ಯವು ಅವರ ಗುಡಿಸಲನ್ನು ಮುಟ್ಟಲಿಲ್ಲ. 1865ರ ವರೆಗೆ ಗುಲಾಮಗಿರಿಯು ಉಳಿಯಿತು. ತನ್ನ ಕೊರಳಿನ ನೊಗವನ್ನು ಕಿತ್ತೆಸೆಯುವುದು ಶೌರ್ಯ. ಅದೇ ನೊಗವನ್ನು ಇನ್ನೊಬ್ಬನ ಕೊರಳಿನಿಂದ ಇಳಿಸುವುದು ಧರ್ಮ. ಎರಡನೆಯದಿಲ್ಲದೆ ಮೊದಲನೆಯದು ಪೂರ್ಣವಾಗದು.