ವೃಶ್ಚಿಕ (ಪತ್ರಿಕೆ)

ವೃಶ್ಚಿಕವು 1969ರಿಂದ 1973ರವರೆಗೆ ಗುಜರಾತಿನ ಬರೋಡಾದಿಂದ (ಇಂದಿನ ವಡೋದರಾ) ಪ್ರಕಟವಾದ ಕಲಾ ಪತ್ರಿಕೆ. ಚಿತ್ರಕಲಾವಿದರಾದ ಗುಲಾಂಮೊಹಮ್ಮದ್ ಶೇಖ್ ಮತ್ತು ಭೂಪೇನ್ ಖಖ್ಖರ್ ಇದನ್ನು ಹೊರತರುತ್ತಿದ್ದರು. ಪತ್ರಿಕೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿತ್ತು. ವೃಶ್ಚಿಕವೆಂದರೆ ರಾಶಿಯೊಂದರ ಹೆಸರೆಂದು ಕನ್ನಡಿಗರಿಗೆ ತಕ್ಷಣ ಹೊಳೆಯಬಹುದು. ಆದರೆ ಇಲ್ಲಿ ಮುಖ್ಯವಾದುದು ಚೇಳು ಎಂಬ ಅರ್ಥ. ಗಾತ್ರದಲ್ಲಿ ಕಿರಿದಾದರೂ ಕುಟುಕಬಲ್ಲ ಪತ್ರಿಕೆಗೆ ಇದು ಒಪ್ಪುವ ಹೆಸರೇ ಸರಿ.

ಹಿನ್ನೆಲೆ

1960ರ ದಶಕವು ಭಾರತೀಯ ಭಾಷೆಗಳಲ್ಲಿ ಕಿರುಪತ್ರಿಕೆಗಳ ಕಾಲ. ಕನ್ನಡದಲ್ಲಿ ಗೋಪಾಲಕೃಷ್ಣ ಅಡಿಗರ 'ಸಾಕ್ಷಿ' ನವ್ಯ ಸಾಹಿತ್ಯಕ್ಕೆ ವೇದಿಕೆಯಾಗಿದ್ದಂತೆ, ಗುಜರಾತಿಯಲ್ಲಿ ಸುರೇಶ್ ಜೋಶಿಯವರ 'ಕ್ಷಿತಿಜ' ಹೊಸ ಬರಹಗಾರರನ್ನು ಬೆಳೆಸಿತು. ಶೇಖ್ ಸ್ವತಃ ಗುಜರಾತಿ ಕವಿ; ಖಖ್ಖರ್ ಗುಜರಾತಿಯಲ್ಲಿ ಕಥೆ, ನಾಟಕಗಳನ್ನು ಬರೆದವರು. ಆದುದರಿಂದ ಚಿತ್ರಕಾರರು ಲೇಖನಿ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ.

ಶೇಖ್ ಅವರು ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಅಧ್ಯಾಪಕರಾಗಿದ್ದರು. 1963ರಲ್ಲಿ ದೆಹಲಿಯಲ್ಲಿ ಪ್ರದರ್ಶನ ನಡೆಸಿದ 'ಗ್ರೂಪ್ 1890' ಎಂಬ ಕಲಾವಿದರ ತಂಡದ ಸದಸ್ಯರೂ ಆಗಿದ್ದರು. ಅದೇ ತಂಡದ ಜೆ. ಸ್ವಾಮಿನಾಥನ್ 1966ರಲ್ಲಿ 'ಕಾಂಟ್ರಾ' ಎಂಬ ಪತ್ರಿಕೆಯನ್ನು ಆರಂಭಿಸಿ ದಾರಿ ತೋರಿದ್ದರು. ಮುಂಬಯಿಯಲ್ಲಿ ಜನಿಸಿದ ಖಖ್ಖರ್ ವೃತ್ತಿಯಿಂದ ಲೆಕ್ಕಪರಿಶೋಧಕರು. 1962ರಲ್ಲಿ ಬರೋಡಾಕ್ಕೆ ಬಂದು ನೆಲೆಸಿದರು.

ಅಕಾಡೆಮಿಯೊಡನೆ ಸಂಘರ್ಷ

ವೃಶ್ಚಿಕದ ಕಾಲದಲ್ಲಿ ಖಾಸಗಿ ಗ್ಯಾಲರಿಗಳು ವಿರಳವಾಗಿದ್ದವು. ರಾಷ್ಟ್ರೀಯ ಪ್ರದರ್ಶನ, ಪ್ರಶಸ್ತಿ, ವಿದೇಶಗಳಿಗೆ ಕಲಾಕೃತಿಗಳ ರವಾನೆ ಮುಂತಾದವು ಬಹುತೇಕ 1954ರಲ್ಲಿ ಸ್ಥಾಪನೆಯಾದ ಲಲಿತ ಕಲಾ ಅಕಾಡೆಮಿಯ ಕೈಯಲ್ಲಿದ್ದವು. ಅಕಾಡೆಮಿಯ ಕೃಪೆಗೆ ಪಾತ್ರನಾಗದ ಕಲಾವಿದನಿಗೆ ಬೇರೆ ಬಾಗಿಲುಗಳು ತೀರ ಕಡಿಮೆ. ಅಕಾಡೆಮಿಯ ಆಡಳಿತದಲ್ಲಿ ಕಲಾವಿದರಿಗೇ ಸರಿಯಾದ ಪ್ರಾತಿನಿಧ್ಯವಿಲ್ಲ ಎಂಬುದು ಮುಖ್ಯ ಆಕ್ಷೇಪವಾಗಿತ್ತು. ಈ ಅಸಮಾಧಾನಕ್ಕೆ ವೃಶ್ಚಿಕವು ದನಿಯಾಯಿತು. ಸುಧಾರಣೆಯ ಬೇಡಿಕೆಗಳನ್ನು ಮುದ್ರಿಸಿ ಬೇರೆ ಬೇರೆ ಊರುಗಳ ಕಲಾವಿದರಿಗೆ ಮುಟ್ಟಿಸಿತು. 1971ರಲ್ಲಿ ಅಕಾಡೆಮಿಯ ಎರಡನೆಯ ಅಂತರರಾಷ್ಟ್ರೀಯ ತ್ರೈವಾರ್ಷಿಕ ಪ್ರದರ್ಶನ ನಡೆದಾಗ ಅನೇಕ ಕಲಾವಿದರು ಪ್ರತಿಭಟಿಸಿದರು. ಇದಕ್ಕೂ ಮುನ್ನ, 1970ರಲ್ಲಿ, ಕೇಂದ್ರದ ಅಕಾಡೆಮಿಗಳ ಕಾರ್ಯವೈಖರಿಯನ್ನು ಪರಿಶೀಲಿಸಲು ಸರ್ಕಾರವು ನ್ಯಾಯಮೂರ್ತಿ ಜಿ. ಡಿ. ಖೋಸ್ಲಾ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತ್ತು. ಸಮಿತಿಯ ವರದಿ 1972ರಲ್ಲಿ ಹೊರಬಂದಿತು.

ಸ್ವರೂಪ ಮತ್ತು ಬರಹಗಳು

ದೂರುಗಳನ್ನಷ್ಟೇ ಅಚ್ಚು ಹಾಕಿದ್ದರೆ ಈ ಪತ್ರಿಕೆಯನ್ನು ಇಂದು ಯಾರೂ ಹುಡುಕಿ ಓದುತ್ತಿರಲಿಲ್ಲ. ಅದರಲ್ಲಿ ಕವಿತೆ, ಕಲಾಚಿಂತನೆ, ರೇಖಾಚಿತ್ರಗಳು ಒಟ್ಟಾಗಿ ಬರುತ್ತಿದ್ದವು. ಮಧ್ಯಯುಗದ ಭಕ್ತಿಕಾವ್ಯದ ಅನುವಾದಗಳಿಗೆಂದೇ ಒಂದು ವಿಶೇಷ ಸಂಚಿಕೆ ಮೀಸಲಾಯಿತು. ಮರಾಠಿ ಸಂತಕವಿಗಳನ್ನು ಇಂಗ್ಲಿಷಿಗೆ ತಂದ ಕವಿ ಅರುಣ್ ಕೊಲಟ್ಕರ್ ಅವರ ಅನುವಾದಗಳು ಅದರಲ್ಲಿದ್ದವು. ಕಲಾವಿಮರ್ಶಕಿ ಗೀತಾ ಕಪೂರ್ ಅವರು ವಸಾಹತೋತ್ತರ ಭಾರತೀಯ ಚಿತ್ರಕಲೆ ಮತ್ತು ದೇಶೀಯತೆಯನ್ನು ಕುರಿತು ಬರೆದ ದೀರ್ಘ ಪ್ರಬಂಧವು 1971–72ರಲ್ಲಿ ಇಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ವೃಶ್ಚಿಕದ ಅತಿ ಮಹತ್ವದ ಕೊಡುಗೆ ಇದೇ ಎನ್ನಬಹುದು.

ಲಿನೋಕಟ್ ಮುದ್ರಣಗಳೂ ಪತ್ರಿಕೆಯ ಭಾಗವಾಗಿದ್ದವು. ಲಿನೋಲಿಯಂ ಹಾಳೆಯ ಮೇಲೆ ಚಿತ್ರವನ್ನು ಎಡಬಲ ಅದಲುಬದಲಾಗಿ ಕೆತ್ತಿ, ಉಳಿದ ಉಬ್ಬುಭಾಗಕ್ಕೆ ಮಸಿ ಸವರಿ, ಕಾಗದವನ್ನು ಒತ್ತಿ ತೆಗೆಯುವ ವಿಧಾನವಿದು. ವರ್ಣಚಿತ್ರವನ್ನು ಛಾಯಾಚಿತ್ರದ ಮೂಲಕ ಅಚ್ಚು ಮಾಡಿಸುವುದು ದುಬಾರಿಯಾಗಿದ್ದ ಕಾಲದಲ್ಲಿ ಕಡಿಮೆ ಖರ್ಚಿನಲ್ಲಿ ಇದು ಸಾಧ್ಯವಿತ್ತು. ಹೀಗೆ ಮೂಲ ಅಚ್ಚಿನಿಂದಲೇ ಮೂಡಿದ ಹಾಳೆ ಕಲಾಕೃತಿಯ ನಕಲಲ್ಲ, ಅದೇ ಕಲಾಕೃತಿ.

ಸಂಪಾದಕರ ಹಾಸ್ಯಪ್ರಜ್ಞೆಯನ್ನು ಅರಿಯಲು ಖಖ್ಖರ್ 1972ರಲ್ಲಿ ಮುಂಬಯಿಯ ಗ್ಯಾಲರಿ ಕೆಮೋಲ್ಡ್‌ನಲ್ಲಿ ನಡೆಸಿದ ಪ್ರದರ್ಶನದ ಕಿರುಪುಸ್ತಕವನ್ನೂ ನೋಡಬೇಕು. ಕಲಾವಿದರನ್ನು ಹೊಗಳುವ ಗಂಭೀರ ಕಿರುಪುಸ್ತಕಗಳ ಅಣಕವಾಗಿದ್ದ ಅದರಲ್ಲಿ ಅವರು ತಮ್ಮನ್ನೇ ನಾನಾ ವೇಷಗಳಲ್ಲಿ ಚಿತ್ರಿಸಿಕೊಂಡಿದ್ದರು.

ನಂತರದ ವರ್ಷಗಳು

ಪತ್ರಿಕೆ 1973ರಲ್ಲಿ ನಿಂತಿತು. ಶೇಖ್, ಖಖ್ಖರ್ ಮತ್ತು ವಿವಾನ್ ಸುಂದರಂ ಅವರೊಡನೆ ನಳಿನಿ ಮಲಾನಿ, ಜೋಗೆನ್ ಚೌಧುರಿ, ಸುಧೀರ್ ಪಟವರ್ಧನ್ ಸೇರಿ 1981ರಲ್ಲಿ ಮುಂಬಯಿ ಹಾಗೂ ದೆಹಲಿಯಲ್ಲಿ 'ಪ್ಲೇಸ್ ಫಾರ್ ಪೀಪಲ್' ಪ್ರದರ್ಶನ ನಡೆಸಿದರು. ಅದಕ್ಕೆ ಲೇಖನ ಬರೆದವರು ಗೀತಾ ಕಪೂರ್. ಖಖ್ಖರ್ 2003ರಲ್ಲಿ ನಿಧನರಾದರು. ವೃಶ್ಚಿಕದ ಸಂಚಿಕೆಗಳನ್ನು ಹಾಂಗ್‌ಕಾಂಗ್‌ನ ಏಷ್ಯಾ ಆರ್ಟ್ ಆರ್ಕೈವ್ ಸಂಸ್ಥೆಯು ಡಿಜಿಟಲ್ ರೂಪದಲ್ಲಿ ಸಂರಕ್ಷಿಸಿದೆ.