ಎರಡು ಸೊನ್ನೆಗಳಿಂದ ಹುಟ್ಟಿದ ನಿಯಮ

2015ರಲ್ಲಿ ಕೊಚ್ಚಿಯಲ್ಲಿ ಸಿಬಿಐ ದಾಖಲಿಸಿದ ಪ್ರಕರಣವೊಂದರಲ್ಲಿ ಎರಡು ಅಂಕಿಗಳು ಎದುರುಬದುರು ನಿಂತಿವೆ: 19,500 ಮತ್ತು 19,50,000. ಕುವೈತಿನ ಆರೋಗ್ಯ ಸಚಿವಾಲಯಕ್ಕೆ ನರ್ಸ್‌ಗಳನ್ನು ಕಳಿಸುವ ಗುತ್ತಿಗೆ ಹಿಡಿದಿದ್ದ ಅಲ್ ಜರಫಾ ಏಜೆನ್ಸಿ ಒಬ್ಬೊಬ್ಬರಿಂದ ಪಡೆಯಬಹುದಾಗಿದ್ದದ್ದು ಮೊದಲನೆಯ ಮೊತ್ತ. ವಸೂಲಿ ಮಾಡಿದ್ದು ಎರಡನೆಯದು ಎಂಬುದು ಆರೋಪ. ಹತ್ತೊಂಬತ್ತೂವರೆ ಲಕ್ಷವೆಂದರೆ ನಮ್ಮ ರಾಯಬಾಗ ಸೀಮೆಯ ಸಣ್ಣ ರೈತನಿಗೆ ಎಷ್ಟು ವರ್ಷಗಳ ಕಬ್ಬಿನ ಬಿಲ್ಲು ಎಂದು ಲೆಕ್ಕ ಹಾಕಿ ನೋಡಿ, ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

ಆದರೂ ಈ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಏಜೆನ್ಸಿಯಲ್ಲ. ಪರದೇಶಕ್ಕೆ ದುಡಿಯಲು ಹೋಗುವವರನ್ನು ಕಾಯಲೆಂದೇ ಸರ್ಕಾರ ನೇಮಿಸಿದ ಅಧಿಕಾರಿಯೂ, ಅಂದರೆ ಕೊಚ್ಚಿಯ 'ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್' ಕೂಡ, ಆರೋಪಿಗಳ ಪಟ್ಟಿಯಲ್ಲಿದ್ದರು. ನೋಂದಣಿಯಿಲ್ಲದೆ ಯಾರೂ ಹೊರದೇಶಕ್ಕೆ ಕೆಲಸಗಾರರನ್ನು ಕಳಿಸುವಂತಿಲ್ಲ ಎಂದು 1983ರ ವಲಸೆ ಕಾಯ್ದೆ ಹೇಳಿತ್ತು. ಆದರೆ ಹತ್ತನೆಯ ತರಗತಿ ಪಾಸಾದವರಿಗೆ ವಲಸೆ ಅನುಮತಿಯ ತಪಾಸಣೆ ಇರಲಿಲ್ಲ. ಓದಿದವರಿಗೆ ಕಾವಲು ಬೇಡ ಎಂಬ ನಂಬಿಕೆ. ನರ್ಸ್‌ಗಳೆಲ್ಲ ಓದಿದವರೇ! ಓದಲು ಮಾಡಿದ ಸಾಲ ತೀರಿಸುವ ಅವಸರವೂ ಓದಿದವರಿಗೇ ಇರುತ್ತದೆ ಎಂಬುದನ್ನು ಆ ನಂಬಿಕೆ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅದೇ ವರ್ಷ ಕೇಂದ್ರ ಸರ್ಕಾರ ನಿಯಮ ಬದಲಿಸಿತು. ಕುವೈತ್, ಸೌದಿ ಅರೇಬಿಯಾ, ಕತಾರ್ ಸೇರಿ 18 ದೇಶಗಳಿಗೆ ಹೋಗುವ ನರ್ಸ್‌ಗಳಿಗೆ ವಲಸೆ ಅನುಮತಿ ಕಡ್ಡಾಯವಾಯಿತು. ನೇಮಕದ ಕೆಲಸವನ್ನು ಖಾಸಗಿಯವರಿಂದ ಕಿತ್ತು ಮೊದಲಿಗೆ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್ ಸಂಸ್ಥೆಗಳಿಗೆ ಕೊಟ್ಟರು. ಎರಡೂ ಕೇರಳ ಸರ್ಕಾರದವು. ಬೆಂಗಳೂರು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಿಗೆ ಕೇರಳದ ಮಕ್ಕಳೇ ಓದಲು ಬರುತ್ತಿದ್ದ ಕಾಲವದು. ಹಾಗಿದ್ದೂ ಆ ಪಟ್ಟಿಯಲ್ಲಿ ನಮ್ಮ ರಾಜ್ಯದ ಒಂದು ಸಂಸ್ಥೆಯೂ ಇರಲಿಲ್ಲ. ಈ ಮಾತು ಬರೆಯುವಾಗ ಇಂದಿಗೂ ಸಿಟ್ಟು ಬರುತ್ತದೆ. ಕರ್ನಾಟಕ ವೃತ್ತಿ ತರಬೇತಿ ಮತ್ತು ಕೌಶಲ್ಯ ಅಭಿವೃದ್ಧಿ ನಿಗಮದ ಅಡಿಯಲ್ಲಿ ಅಂತರರಾಷ್ಟ್ರೀಯ ವಲಸೆ ಕೇಂದ್ರ ಬಂದದ್ದು ಆಮೇಲೆ.

ನಮ್ಮ ಸೀಮೆಯ ಮುಗಳಖೋಡದ ಹುಡುಗಿಗೆ ದವಾಖಾನೆಯ ಕೆಲಸ ಹೊಸ ಕನಸಲ್ಲ. ಗಡಿಯಾಚೆ ಮಿರಜದಲ್ಲಿ ವಾನ್ಲೆಸ್ ಡಾಕ್ಟರರು 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆಯ ಹೆಸರು ಅಥಣಿ, ಕಾಗವಾಡ, ರಾಯಬಾಗದ ಮನೆಗಳಲ್ಲಿ ತಲೆಮಾರುಗಳಿಂದ ಕೇಳಿದ್ದು. ಹೊಸದು ಮೊಬೈಲಿಗೆ ಬಂದು ಬೀಳುವ ನೇಮಕಪತ್ರ: ದೊಡ್ಡ ಆಸ್ಪತ್ರೆಯ ಲಾಂಛನ, ಸಂದರ್ಶನವಿಲ್ಲದೆ ಆಯ್ಕೆ, 'ಡಿಪಾಸಿಟ್ ಇವತ್ತೇ ಹಾಕ್ರಿ, ಸೀಟ್ ಹೋಗತೈತಿ' ಎಂಬ ತರಾತುರಿ. ಆ ತರಾತುರಿಯಲ್ಲೇ ಮೋಸದ ಜೀವವಿದೆ. ಒಂದು ದಿನ ತಡೆದು ಆಸ್ಪತ್ರೆಯ ಕಚೇರಿಗೆ ನೇರವಾಗಿ ಫೋನ್ ಮಾಡಿದರೆ ಬಹಳಷ್ಟು ಪತ್ರಗಳು ಅಲ್ಲೇ ಸುಳ್ಳಾಗುತ್ತವೆ.

ಪರದೇಶದ ಮಾತಾದರೆ ಏಜೆಂಟನ ನೋಂದಣಿಯನ್ನು ಕೇಂದ್ರದ ಇ-ಮೈಗ್ರೇಟ್ ತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ ದಾಟುವಂತಿಲ್ಲ, ಅದಕ್ಕೂ ರಸೀದಿ ಕೊಡಬೇಕು. 'ಮೊದಲು ವಿಸಿಟ್ ವೀಸಾದಾಗ ಹೋಗ್ರಿ, ಅಲ್ಲಿ ಬದಲಿ ಮಾಡಸೋಣ' ಎಂದವನಿಗೆ ಪಾಸ್‌ಪೋರ್ಟ್ ಕೊಡಬಾರದು. ಜರ್ಮನಿ ಸರ್ಕಾರದ ಸಂಸ್ಥೆಗಳು ನೋರ್ಕಾ ಜೊತೆ ನಡೆಸುವ 'ಟ್ರಿಪಲ್ ವಿನ್' ಯೋಜನೆಯಲ್ಲಂತೂ ನರ್ಸ್‌ಗಳಿಂದ ನೇಮಕದ ಶುಲ್ಕವನ್ನೇ ಪಡೆಯುವುದಿಲ್ಲ. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೆಪಡದೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಆ ಹಣವನ್ನು ಬ್ಯಾಂಕಿನಲ್ಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಇದನ್ನೆಲ್ಲ ವಿಚಾರಿಸಲು ವಲಸೆ ರಕ್ಷಣಾಧಿಕಾರಿಯ (ಅದೇ 'ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್') ಕಚೇರಿ ಇರುವುದು ಬೆಂಗಳೂರಿನಲ್ಲಿ, ನಮ್ಮ ಊರಿನಿಂದ ಒಂದು ರಾತ್ರಿಯ ಪ್ರಯಾಣ. ಏಜೆಂಟರು ಮಾತ್ರ ಮನೆ ಬಾಗಿಲಿಗೇ ಬರುತ್ತಾರೆ. ಬೆಳಗಾವಿಯ ಜಿಲ್ಲಾ ಉದ್ಯೋಗ ವಿನಿಮಯ ಕಚೇರಿಯಲ್ಲಿ ವಾರಕ್ಕೊಂದು ದಿನ ಈ ಪತ್ರಗಳನ್ನು ಪರಿಶೀಲಿಸಿ ಹೇಳುವ ಒಬ್ಬರನ್ನು ಕೂರಿಸಲು ಕೌಶಲ್ಯ ಅಭಿವೃದ್ಧಿ ನಿಗಮಕ್ಕೆ ಯಾವ ಹೊಸ ಕಾನೂನೂ ಬೇಕಿಲ್ಲ.