ಸಿಟ್ಟನ್ನು ಹೊರಹಾಕಿದರೆ ಮನಸ್ಸು ಹಗುರಾಗುತ್ತದೆಯೇ? ನುಂಗಿಕೊಂಡರೆ ಮುಗಿದುಹೋಗುತ್ತದೆಯೇ?

ನಿಪ್ಪಾಣಿ ತಾಲ್ಲೂಕಿನ ಭೋಜ ಗ್ರಾಮ ಇರುವುದು ದೂಧಗಂಗಾ ಮತ್ತು ವೇದಗಂಗಾ ನದಿಗಳು ಕೂಡುವ ಕಡೆ. ಮಹಾರಾಷ್ಟ್ರದ ಘಟ್ಟದಲ್ಲಿ ಜೋರು ಮಳೆಯಾದರೆ ಭೋಜ ಮತ್ತು ಕಾರದಗಾ ನಡುವಿನ ಕೆಳಮಟ್ಟದ ಸೇತುವೆ ಮುಳುಗುತ್ತದೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಪ್ರವಾಹವನ್ನು ಈ ಭಾಗದವರು ಇನ್ನೂ ಮರೆತಿಲ್ಲ.

ಅಂಥದ್ದೊಂದು ಸಂಜೆಯನ್ನು ಕಲ್ಪಿಸಿಕೊಳ್ಳಿ. ಕಬ್ಬಿನ ಹೊಲಕ್ಕೆ ನೀರು ನುಗ್ಗಿದೆ. ಪೇಟೆಗೆ ಹೋದ ಮಗ ಫೋನ್ ಎತ್ತುತ್ತಿಲ್ಲ. ಬೇರೆ ದಾರಿಯಲ್ಲಿ ಸುತ್ತುಹಾಕಿ ರಾತ್ರಿ ಮನೆ ಸೇರಿದ ಮಗನ ಮೇಲೆ ಅಪ್ಪ ಕೂಗಾಡುತ್ತಾರೆ, ಊಟದ ತಾಟು ತಳ್ಳುತ್ತಾರೆ. ಅವ್ವ ತುಟಿ ಬಿಚ್ಚದೆ ಚೆಲ್ಲಿದ್ದನ್ನು ಬಳಿದು ಎತ್ತುತ್ತಾಳೆ. ಮರುದಿನ ಬೆಳಿಗ್ಗೆ ಚಹಾ ಚೆಲ್ಲಿದ್ದಕ್ಕೆ ಸಣ್ಣ ಮಗಳ ಬೆನ್ನಿಗೆ ಅದೇ ಅವ್ವನ ಕೈಯಿಂದ ಏಟು ಬೀಳುತ್ತದೆ.

ಇಂಥ ಮನೆಗೆ ನೆರೆಹೊರೆಯವರು ಎರಡು ಬಗೆಯ ಬುದ್ಧಿ ಹೇಳುತ್ತಾರೆ. ಅಪ್ಪನ ವಿಷಯದಲ್ಲಿ, "ಒಮ್ಮೆ ಬೈದು ಬಿಟ್ಟರ ಹಗುರ ಆಗ್ತದ, ಒಳಗ ಇಟ್ಕೋಬಾರದು." ಅವ್ವನಿಗೆ, "ನೀ ನುಂಗ್ಕೋಬೇಕವ್ವಾ, ಮನಿ ನಡೀಬೇಕಲ್ಲ." ಈ ಎರಡೂ ಮಾತುಗಳನ್ನು ಸಂಶೋಧಕರು ಪರೀಕ್ಷೆಗೆ ಒಡ್ಡಿದ್ದಾರೆ. ಎರಡೂ ಪಾಸಾಗಿಲ್ಲ. ಏಕೆಂದು ನೋಡೋಣ.

ಸಿಟ್ಟು ಬಂದಾಗ ದೇಹದಲ್ಲಿ ಏನಾಗುತ್ತದೆ?

ಮಿದುಳಿನ ಒಳಭಾಗದಲ್ಲಿ ಅಮಿಗ್ಡಾಲ ಎಂಬ ಬಾದಾಮಿ ಆಕಾರದ ಭಾಗವಿದೆ. ಅಪಾಯವನ್ನು ಗುರುತಿಸುವ ಕೆಲಸದಲ್ಲಿ ಇದರ ಪಾಲು ದೊಡ್ಡದು. ಅಪಾಯದ ಸೂಚನೆ ಸಿಕ್ಕ ಕೂಡಲೇ ಅಡ್ರಿನಲಿನ್ ರಕ್ತಕ್ಕೆ ಸೇರುತ್ತದೆ, ಬೆನ್ನಿಗೇ ಕಾರ್ಟಿಸಾಲ್ ಕೂಡ ಹೆಚ್ಚುತ್ತದೆ. ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತವೆ, ಸ್ನಾಯುಗಳು ಬಿಗಿಯುತ್ತವೆ. ಹಿಂದುಮುಂದು ಯೋಚಿಸಿ ತಡೆಯುವ ಕೆಲಸ ಹಣೆಯ ಹಿಂದಿನ ಮಿದುಳಿನದು. ದೇಹ ಇಷ್ಟು ಕಾವೇರಿದಾಗ ಅದರ ಹಿಡಿತ ಸಡಿಲವಾಗುತ್ತದೆ.

ಅಪ್ಪನ ಸಿಟ್ಟಿನ ಬುಡದಲ್ಲಿ ಇದ್ದದ್ದು ಹೆದರಿಕೆ. ಮಗನಿಗೆ ಏನಾಯಿತೋ, ಬೆಳೆ ಏನಾಗುವುದೋ ಎಂಬ ದಿಗಿಲು. ದೇಹಕ್ಕೆ ಹೆದರಿಕೆಯೂ ಸಿಟ್ಟೂ ಹೆಚ್ಚುಕಡಿಮೆ ಒಂದೇ ಬಗೆಯ ಕಾವು. ಅದು ಯಾವ ಹೆಸರಿನಲ್ಲಿ ಹೊರಬರುತ್ತದೆ ಎಂಬುದನ್ನು ಮನೆಯಲ್ಲಿ ಯಾರಿಗೆ ಕೂಗಲು ಅವಕಾಶವಿದೆ, ಯಾರಿಗೆ ಇಲ್ಲ ಎಂಬುದೂ ನಿರ್ಧರಿಸುತ್ತದೆ.

ನಂಬಿಕೆ 1: ಹೊರಹಾಕಿದರೆ ಸಿಟ್ಟು ಖಾಲಿಯಾಗುತ್ತದೆ

ಈ ನಂಬಿಕೆಯ ಹಿಂದೆ ಇರುವುದು ಕುಕ್ಕರಿನ ಕಲ್ಪನೆ. ಒಳಗೆ ಹಬೆ ಕಟ್ಟಿದೆ, ಸೀಟಿ ಹೊಡೆದರೆ ಒತ್ತಡ ಇಳಿಯುತ್ತದೆ ಎಂಬ ಲೆಕ್ಕ. ಬ್ರೂಯರ್ ಮತ್ತು ಫ್ರಾಯ್ಡ್ 1895ರಲ್ಲಿ ಹಿಸ್ಟೀರಿಯಾ ಕುರಿತು ಪ್ರಕಟಿಸಿದ ಪುಸ್ತಕದಿಂದ ಈ ವಿಚಾರಕ್ಕೆ ವೈದ್ಯಕೀಯದ ಮುದ್ರೆಯೂ ಸಿಕ್ಕಿತು.

2002ರಲ್ಲಿ ಅಮೆರಿಕದ ಮನೋವಿಜ್ಞಾನಿ ಬ್ರಾಡ್ ಬುಶ್ಮನ್ 600 ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದರು. ವಿದ್ಯಾರ್ಥಿಗಳು ಬರೆದ ಪ್ರಬಂಧವನ್ನು ಕೆಟ್ಟದಾಗಿ ಟೀಕಿಸಿ ಮೊದಲು ಅವರಿಗೆ ಸಿಟ್ಟು ಬರಿಸಲಾಯಿತು. ಆಮೇಲೆ ಒಂದು ಗುಂಪಿನವರು ಟೀಕಿಸಿದವನನ್ನೇ ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿದರು. ಇನ್ನೊಂದು ಗುಂಪು ವ್ಯಾಯಾಮವೆಂದುಕೊಂಡು ಗುದ್ದಿತು. ಮೂರನೆಯ ಗುಂಪು ಎರಡು ನಿಮಿಷ ಸುಮ್ಮನೆ ಕುಳಿತಿತ್ತು. ಕೊನೆಯಲ್ಲಿ ಅತಿ ಹೆಚ್ಚು ಸಿಟ್ಟು ಉಳಿದದ್ದು ಮೊದಲ ಗುಂಪಿನಲ್ಲಿ. ಸುಮ್ಮನೆ ಕುಳಿತವರೇ ಎಲ್ಲರಿಗಿಂತ ಕಡಿಮೆ ಆಕ್ರಮಣಕಾರಿಯಾಗಿದ್ದರು.

2024ರಲ್ಲಿ ಇದೇ ಬುಶ್ಮನ್ ಮತ್ತು ಸೋಫಿ ಶರ್ವಿಕ್ 154 ಅಧ್ಯಯನಗಳನ್ನು ಒಟ್ಟಿಗೆ ವಿಶ್ಲೇಷಿಸಿದರು. ಅವುಗಳಲ್ಲಿ 10,000ಕ್ಕೂ ಹೆಚ್ಚು ಜನ ಭಾಗವಹಿಸಿದ್ದರು. ದೇಹದ ಕಾವು ಇಳಿಸುವ ಕೆಲಸಗಳು, ಅಂದರೆ ನಿಧಾನ ಉಸಿರಾಟ, ಧ್ಯಾನ, ಯೋಗ, ಸ್ನಾಯು ಸಡಿಲಿಸುವುದು, ಸಿಟ್ಟನ್ನು ಕಡಿಮೆ ಮಾಡಿದವು. ಕಾವು ಏರಿಸುವ ಕೆಲಸಗಳಿಂದ ಒಟ್ಟಾರೆ ಪ್ರಯೋಜನ ಕಾಣಲಿಲ್ಲ. ಓಟವಂತೂ ಸಿಟ್ಟನ್ನು ಹೆಚ್ಚಿಸುವ ಕಡೆಗೇ ವಾಲಿತ್ತು. ಓಟ ಹೃದಯಕ್ಕೆ ಒಳ್ಳೆಯದೇ, ಆದರೆ ಸಿಟ್ಟು ನೆತ್ತಿಗೇರಿದ ಗಳಿಗೆಯ ಮದ್ದಲ್ಲ.

ಹಾಗಾದರೆ ಕೂಗಾಡಿದ ಮೇಲೆ ಹಗುರ ಎನ್ನಿಸುವುದೇಕೆ? ದೇಹ ದಣಿದಿರುತ್ತದೆ, ಎದುರಿನವರು ಸುಮ್ಮನಾಗಿರುತ್ತಾರೆ. ಕೂಗಿದರೆ ಕೆಲಸವಾಗುತ್ತದೆ ಎಂಬ ಪಾಠವನ್ನು ಮಿದುಳು ಕಲಿಯುತ್ತದೆ. ಮುಂದಿನ ಸಲ ಇನ್ನೂ ಬೇಗ ಕೂಗುತ್ತೇವೆ.

ನಂಬಿಕೆ 2: ನುಂಗಿಕೊಂಡರೆ ಮುಗಿಯಿತು

ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ 1993ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಅಸಹ್ಯ ಹುಟ್ಟಿಸುವ ಚಿತ್ರವನ್ನು ತೋರಿಸಿ, ಮುಖದಲ್ಲಿ ಏನೂ ಕಾಣಬಾರದು ಎಂದು ಕೆಲವರಿಗೆ ಹೇಳಲಾಗಿತ್ತು. ಅವರ ಮುಖ ಶಾಂತವಾಗಿಯೇ ಇತ್ತು. ಆದರೆ ಚರ್ಮದ ಬೆವರು ಮತ್ತು ಬೆರಳಿನ ರಕ್ತಸಂಚಾರವನ್ನು ಅಳೆದಾಗ ನರಮಂಡಲದ ಒತ್ತಡ ಉಳಿದವರಿಗಿಂತ ಹೆಚ್ಚಾಗಿತ್ತು. ಒಳಗಿನ ಅಸಹ್ಯವೂ ಕಡಿಮೆಯಾಗಿರಲಿಲ್ಲ. ಭಾವನೆಯನ್ನು ಅದುಮಿಡುವಾಗ ಸುತ್ತ ನಡೆದದ್ದನ್ನು ನೆನಪಿಟ್ಟುಕೊಳ್ಳುವುದೂ ಕಷ್ಟವಾಗುತ್ತದೆ ಎಂದು ಗ್ರಾಸ್ ಮತ್ತು ಸಂಗಡಿಗರ ನಂತರದ ಪ್ರಯೋಗಗಳು ತೋರಿಸಿದವು.

ಅವ್ವ ಶಾಂತವಾಗಿ ಕಂಡದ್ದು ಹೊರಗೆ ಮಾತ್ರ. ಮರುದಿನದ ಏಟಿಗೆ ಚಹಾ ಒಂದು ನೆಪ. ಒಬ್ಬರ ಸ್ಫೋಟ ಮತ್ತು ಇನ್ನೊಬ್ಬರ ಮೌನ ಬಹಳ ಸಲ ಒಂದೇ ಮನೆಯ ಎರಡು ತುದಿಗಳಾಗಿರುತ್ತವೆ. ಕೊನೆಗೆ ಪೆಟ್ಟು ತಿನ್ನುವುದು ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರು.

ನಂಬಿಕೆ 3: ಒಂದು ಬೀಡಿ ಎಳೆದರೆ ತಲೆ ತಣ್ಣಗಾಗುತ್ತದೆ

ಬೀಡಿ ತಂಬಾಕಿಗೆ ಹೆಸರಾದ ನಿಪ್ಪಾಣಿ ಸೀಮೆಯಲ್ಲಿ ಈ ಮಾತು ಸಾಮಾನ್ಯ. ವಾಸ್ತವದಲ್ಲಿ ನಿಕೋಟಿನ್ ಎದೆಬಡಿತವನ್ನು ಏರಿಸುತ್ತದೆ. ಚಟವಿದ್ದವರಿಗೆ ಕೆಲ ಗಂಟೆ ತಂಬಾಕು ಸಿಗದಿದ್ದರೆ ಕಿರಿಕಿರಿ ಶುರುವಾಗುತ್ತದೆ. ಬೀಡಿ ಇಳಿಸುವುದು ಆ ಕಿರಿಕಿರಿಯನ್ನು, ಅಂದರೆ ತಾನೇ ತಂದಿಟ್ಟ ತೊಂದರೆಯನ್ನು. ಧೂಮಪಾನ ಬಿಟ್ಟವರಲ್ಲಿ ಆತಂಕ, ಖಿನ್ನತೆ ಮತ್ತು ಒತ್ತಡ ಕಡಿಮೆಯಾಗಿದ್ದನ್ನು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ವಿಶ್ಲೇಷಣೆ ಗುರುತಿಸಿದೆ. ಮದ್ಯದ ಮಾತು ಇನ್ನೂ ನೇರ: ಅದು ತಡೆಯುವ ಶಕ್ತಿಯನ್ನೇ ಕುಂದಿಸುತ್ತದೆ.

ಹಾಗಾದರೆ ಏನು ಮಾಡಬೇಕು?

ಮೊದಲು ಕಾವು ಇಳಿಸಬೇಕು, ಆಮೇಲೆ ಮಾತಾಡಬೇಕು. ಈ ಎರಡರಲ್ಲಿ ಒಂದನ್ನು ಬಿಟ್ಟರೂ ಆಗದು. ಕೂಗುವವರು ಮೊದಲನೆಯದನ್ನು ಬಿಡುತ್ತಾರೆ, ನುಂಗುವವರು ಎರಡನೆಯದನ್ನು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಾರದು ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಆ ಗಳಿಗೆಯಲ್ಲಿ ಅದು ನೆನಪಾಗುವುದಿಲ್ಲ. ಹಾಗಾಗಿ ಅಭ್ಯಾಸ ದಿನವೂ ನಡೆಯಬೇಕು.

ಉಸಿರು: ದಿನಕ್ಕೆ ಎರಡು ಬಾರಿ ಐದೈದು ನಿಮಿಷ, ಮೂಗಿನಿಂದ ನಿಧಾನವಾಗಿ ಉಸಿರು ಎಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರು ಸಾಕು. ಉದ್ದನೆಯ ನಿಶ್ವಾಸ ಎದೆಬಡಿತವನ್ನು ಇಳಿಸುತ್ತದೆ. ಸಿಟ್ಟಿಲ್ಲದಾಗ ರೂಢಿಯಾದರೆ ಮಾತ್ರ ಸಿಟ್ಟಿನಲ್ಲಿ ಕೈಗೆ ಬರುತ್ತದೆ.

ನಿದ್ರೆ: ಒಂದು ರಾತ್ರಿ ನಿದ್ದೆಗೆಟ್ಟವರಿಗೆ ಅಹಿತಕರ ಚಿತ್ರಗಳನ್ನು ತೋರಿಸಿದಾಗ ಅಮಿಗ್ಡಾಲದ ಪ್ರತಿಕ್ರಿಯೆ ಸುಮಾರು ಶೇ 60ರಷ್ಟು ಹೆಚ್ಚಿತ್ತು ಎಂದು 2007ರ ಅಧ್ಯಯನವೊಂದು ತೋರಿಸಿದೆ. ರಾತ್ರಿ ಪಾಳಿಯ ಕರೆಂಟಿಗೆ ಕಾದು ಹೊಲಕ್ಕೆ ನೀರು ಹಾಯಿಸಿದವರು ಮರುದಿನ ಮನೆಯ ದೊಡ್ಡ ವಿಷಯಗಳನ್ನು ಚರ್ಚೆಗೆ ಎತ್ತದಿರುವುದು ಲೇಸು.

ಭಾವನೆಗೆ ಹೆಸರು: "ನನಗೆ ಈಗ ಆಗುತ್ತಿರುವುದು ಸಿಟ್ಟೋ, ಹೆದರಿಕೆಯೋ, ಅವಮಾನವೋ?" ಎಂದು ಕೇಳಿಕೊಳ್ಳಿ. ಭಾವನೆಗೆ ಪದ ಕೊಟ್ಟಾಗ ಅಮಿಗ್ಡಾಲದ ಚಟುವಟಿಕೆ ತಗ್ಗುತ್ತದೆ ಎಂದು 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ತಂಡ ಮಿದುಳಿನ ಸ್ಕ್ಯಾನ್‌ಗಳಲ್ಲಿ ಕಂಡಿತು.

ಬರವಣಿಗೆ: 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಕೆಲವು ವಿದ್ಯಾರ್ಥಿಗಳಿಂದ ತಮ್ಮ ಬದುಕಿನ ನೋವನ್ನು ಸತತ ನಾಲ್ಕು ದಿನ 15 ನಿಮಿಷ ಬರೆಸಿದರು. ಘಟನೆ ಮತ್ತು ಭಾವನೆ ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಹೋದದ್ದು ಕಡಿಮೆ. ನಂತರದ ವಿಶ್ಲೇಷಣೆಗಳ ಪ್ರಕಾರ ಈ ಲಾಭ ಚಿಕ್ಕದು, ಆದರೆ ಒಂದು ನೋಟ್‌ಬುಕ್ಕಿನ ಖರ್ಚಿನಲ್ಲಿ ಸಿಗುವಂಥದ್ದು. ಬರೆಯಲು ಬಾರದವರು ನಂಬಿಕೆಯ ಒಬ್ಬರ ಮುಂದೆ ಹೇಳಿಕೊಳ್ಳಬಹುದು. ಕಟ್ಟೆಯ ಮೇಲೆ ಕುಳಿತು ಅದೇ ದೂರನ್ನು ದಿನವೂ ತಿರುವಿಹಾಕಿದರೆ ಮಾತ್ರ ಗಾಯ ಮತ್ತೆ ಹಸಿಯಾಗುತ್ತದೆ. ಉಪ್ಪುಖಾರ ಸೇರಿಸುವವರಿಗಿಂತ "ಈಗ ಏನು ಮಾಡೋಣ?" ಎಂದು ಕೇಳುವವರು ಒಳ್ಳೆಯವರು.

ವಿರಾಮ ಬೇರೆ, ಮಾತು ಬಿಡುವುದು ಬೇರೆ

ದಂಪತಿಗಳ ಜಗಳವನ್ನು ದಶಕಗಳ ಕಾಲ ಅಧ್ಯಯನ ಮಾಡಿದ ಜಾನ್ ಗಾಟ್‌ಮನ್, ಕಾವು ಇಳಿಯಲು ಕನಿಷ್ಠ 20 ನಿಮಿಷವಾದರೂ ಬೇಕು ಎನ್ನುತ್ತಾರೆ. ಹಾಗೆಂದು ದಿನಗಟ್ಟಲೆ ಮಾತು ಬಿಡುವುದು ವಿರಾಮವಲ್ಲ, ಅದೊಂದು ಶಿಕ್ಷೆ. ವ್ಯತ್ಯಾಸ ಇರುವುದು ಒಂದು ವಾಕ್ಯದಲ್ಲಿ: "ಈಗ ನನಗ ಭಾಳ ಸಿಟ್ಟು ಬಂದದ, ಊಟ ಆದ ಮ್ಯಾಲ ಮಾತಾಡೋಣ." ಮರಳಿ ಬರುವ ಹೊತ್ತು ಹೇಳಿ, ಆ ಹೊತ್ತಿಗೆ ಮರಳಿ ಬನ್ನಿ.

ಬಂದ ಮೇಲೆ "ನೀ ಯಾವಾಗಲೂ ಹಿಂಗ" ಎಂದು ಶುರುಮಾಡಬೇಡಿ. "ನೀ ಫೋನ್ ಎತ್ತಲಿಲ್ಲ, ನನ್ನ ಜೀವ ಹೋದಂಗಾಗಿತ್ತು" ಎನ್ನಿ. ಮೊದಲನೆಯದಕ್ಕೆ ಮಗ ವಾದ ಹೂಡುತ್ತಾನೆ, ಎರಡನೆಯದಕ್ಕೆ ಉತ್ತರ ಕೊಡುತ್ತಾನೆ.

ಈ ನೆಲಕ್ಕೆ ಇಂಥ ಅಭ್ಯಾಸ ಹೊಸದೇನಲ್ಲ. ಆಚಾರ್ಯ ಶಾಂತಿಸಾಗರರು 1872ರಲ್ಲಿ ಹುಟ್ಟಿದ್ದು ಭೋಜ ಪರಿಸರದಲ್ಲಿ. ದಿಗಂಬರ ಜೈನರ ದಶಲಕ್ಷಣ ಪರ್ವದ ಮೊದಲ ದಿನ ಉತ್ತಮ ಕ್ಷಮೆಗೆ ಮೀಸಲು, ಪರ್ವದ ನಂತರ ಕ್ಷಮಾವಾಣಿಯಂದು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಕ್ಷಮೆ ಕೇಳಬೇಕೆಂದರೆ ಆದದ್ದನ್ನು ಒಪ್ಪಿ ಬಾಯಿಬಿಟ್ಟು ಹೇಳಲೇಬೇಕು. ನುಂಗಿಕೊಳ್ಳುವುದಕ್ಕೂ ಇದಕ್ಕೂ ಇರುವ ಅಂತರ ಅದೇ.

ಸಿಟ್ಟೇ ತಪ್ಪಲ್ಲ

1981ರಲ್ಲಿ ತಂಬಾಕು ಬೆಳೆಗಾರರು ನ್ಯಾಯದ ಬೆಲೆಗಾಗಿ ನಿಪ್ಪಾಣಿಯ ಹೆದ್ದಾರಿಯಲ್ಲಿ ವಾರಗಟ್ಟಲೆ ಕುಳಿತರು. ಅಲ್ಲಿ ಸಿಟ್ಟಿಗೆ ಕಾರಣವಿತ್ತು, ಬೇಡಿಕೆಯೂ ಇತ್ತು. ಉಸಿರಾಟದಿಂದ ಬೆಳೆಹಾನಿಯ ಪರಿಹಾರ ಬರುವುದಿಲ್ಲ. ಆದರೆ ಅರ್ಜಿ ಬರೆಯಲು ಬೇಕಾದ ತಲೆ ಉಳಿಯುತ್ತದೆ, ಹೊರಗಿನ ಸಿಟ್ಟು ಮನೆಯವರ ಮೇಲೆ ತಿರುಗುವುದು ತಪ್ಪುತ್ತದೆ.

ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಸಿಟ್ಟು ಅಥವಾ ಅಳು ಕೈಮೀರುತ್ತಿದ್ದರೆ, ಬದುಕು ಸಾಕೆನ್ನಿಸಿದರೆ ಅಭ್ಯಾಸಗಳನ್ನಷ್ಟೇ ನೆಚ್ಚಿ ಕೂರಬೇಡಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಕೈ ಮಾಡುವುದು ನಡೆದಿದ್ದರೆ ಅದಕ್ಕೆ ಸಿಟ್ಟು ಎಂಬ ಹೆಸರು ಸಲ್ಲದು, ಅದು ಹಿಂಸೆ. ತಾಳಿಕೋ ಎಂಬ ಬುದ್ಧಿಮಾತು ಅಲ್ಲಿ ಅಪಾಯಕಾರಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098 ಇವೆ.

ಕೊನೆಯದಾಗಿ, ಭೋಜದ ಸೇತುವೆಯ ಮೇಲೆ ನೀರು ಹರಿಯುವಾಗ ದಾಟಬಾರದೆಂದು ಅಲ್ಲಿನ ಮಕ್ಕಳಿಗೂ ಗೊತ್ತು. ನೀರು ಇಳಿಯುವವರೆಗೆ ಕಾಯುತ್ತಾರೆ. ಹಾಗೆಯೇ, ನೀರು ಇಳಿದ ಮೇಲೂ ಯಾರೂ ಈ ದಡದಲ್ಲೇ ಕುಳಿತಿರುವುದಿಲ್ಲ, ದಾಟಿ ಆಚೆ ಹೋಗುತ್ತಾರೆ. ಸಿಟ್ಟಿನ ವಿಷಯದಲ್ಲೂ ನಾವು ಮಾಡಬೇಕಾದದ್ದು ಇಷ್ಟೇ: ಕಾಯುವುದು, ಆಮೇಲೆ ಮರೆಯದೆ ದಾಟುವುದು.